ಬೆನ್ನಿಗೆ ಕಟ್ಟಿದ ಕಾರು

ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೋ ಫ್ಲ್ಯಾಟುಗಳಲ್ಲಿ ರತ್ನಾಕರಣ್ಣನಷ್ಟು ಹೆದರುವ ಮನುಷ್ಯನನ್ನು ನಾನು ಕಂಡಿಲ್ಲ. ಇದನ್ನು ನಾನೇನೂ ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಅವರೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ. ಲಿಫ್ಟ್ ಹತ್ತಿದರೆ ಅಲಾರಂ ಗುಂಡಿಯ ಪಕ್ಕವೇ ನಿಲ್ಲುತ್ತಾರೆ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಗೆ ಚಹಾಕ್ಕೆ ಹೋದರೆ ಫ್ಯಾನಿನ ಕೆಳಗಿನ ಮೇಜು ಬೇಡ ಎನ್ನುತ್ತಾರೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎಲ್‌ಆರ್‌ಟಿ ರೈಲು ನಿಲ್ದಾಣದಿಂದ ಮನೆಗೆ ವಾಪಸು ಬಂದದ್ದೂ ಉಂಟು.

ರತ್ನಾಕರ ಶೇರಿಗಾರ್ ಬ್ರಹ್ಮಾವರದ ಕಡೆಯವರು. ಮಲೇಷ್ಯಾಕ್ಕೆ ಬಂದು ಬಹಳ ಕಾಲವಾಯಿತು. ರಬ್ಬರ್ ಪೈಪುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವರದು ತಪಾಸಣೆಯ ಕೆಲಸ. ಪೈಪನ್ನು ಬಗ್ಗಿಸಿ, ಎಳೆದು, ಬೆಳಕಿಗೆ ಹಿಡಿದು, ಎಲ್ಲಿ ಬಿರುಕು ಬಿಡಬಹುದೆಂದು ಹುಡುಕಬೇಕು. ಅಲ್ಲಿ ಅವರ ಸ್ವಭಾವಕ್ಕೆ ಬೆಲೆಯಿತ್ತು. ಮನೆಯಲ್ಲಿ ಮಾತ್ರ ಎಲ್ಲರೂ ನಗುತ್ತಿದ್ದರು.

ಹೆಂಡತಿ ನೀಲಾಂಬಿಕಾ ಹುಬ್ಬಳ್ಳಿಯವರು, ನಮಗೆಲ್ಲ ನೀಲಕ್ಕ. ಅವರಿಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲ. ಪುಚೊಂಗಿನ ಶಿಶುವಿಹಾರವೊಂದರ ವ್ಯಾನನ್ನು ವರ್ಷಗಟ್ಟಲೆ ಓಡಿಸಿದವರು. ಒಳಗೆ ಮಕ್ಕಳ ಕೂಗಾಟ, ಹೊರಗೆ ಮಳೆ, ಎದುರಿಗೆ ಮೋಟರ್‌ಸೈಕಲ್ಲುಗಳ ಸಾಲು ಇದ್ದರೂ ಹಾಡು ಗುನುಗುತ್ತಾ ಹೋಗುತ್ತಿದ್ದರು. ಆ ಕೆಲಸ ಬಿಟ್ಟ ಮೇಲೆ ಒಂದು ದಿನ ಮನೆಯಲ್ಲಿ ಯಾರಿಗೂ ಸುಳಿವು ಕೊಡದೆ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡುಕೊಂಡು ಬಂದರು. ಸಣ್ಣ ಲಾರಿಯ ಮೇಲೆ ಕಟ್ಟಿದ ಮನೆ ಅದು. ಒಳಗೆ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ಸಿಂಕು, ಮೂಲೆಯಲ್ಲಿ ಶೌಚಾಲಯ. ಹಿಂಬದಿಯಲ್ಲಿ ಅಡುಗೆ ಗ್ಯಾಸಿನ ಸಿಲಿಂಡರಿಗೊಂದು ತಗಡಿನ ಪೆಟ್ಟಿಗೆ. ರತ್ನಾಕರಣ್ಣ ಮೊದಲು ನೋಡಿದ್ದೇ ಆ ಪೆಟ್ಟಿಗೆಯನ್ನು.

"ಇದು ಸ್ಫೋಟ ಆದ್ರೆ?" ಅಂದರಂತೆ.

"ಮನ್ಯಾಗಿನ ಸಿಲಿಂಡರ್ ಏನ್ ದೇವರ ಪ್ರಸಾದೇನ್ರೀ?" ಅಂದರಂತೆ ನೀಲಕ್ಕ.

ಮೊದಲ ಪ್ರಯಾಣ ಪೋರ್ಟ್ ಡಿಕ್ಸನ್ನಿಗೆ. ಸಮುದ್ರದ ಬದಿಯಲ್ಲಿ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿ, ಬಿಸಿಲುಮರೆಯ ಬಟ್ಟೆ ಕಟ್ಟಿದ ಮೇಲೆ ರತ್ನಾಕರಣ್ಣನಿಗೆ ಜ್ವರ ಬಂತು. ಕ್ಲಿನಿಕ್ಕಿಗೆ ಹೋಗಬೇಕೆಂದರೆ ಹರಡಿದ್ದೆಲ್ಲವನ್ನೂ ಮತ್ತೆ ಒಳಗೆ ತುಂಬಬೇಕು. ತುಂಬಿ ಹೋದರು. ಪೇಟೆಯ ಗಲ್ಲಿಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಹೋಗದು, ತಿರುಗಿಸಲೂ ಆಗದು. ಹಿಂದೆ ಹಾರ್ನ್ ಹೊಡೆಯುವವರ ಸಾಲು. ಜ್ವರದಲ್ಲೇ ಇಳಿದು ನಡೆದ ರತ್ನಾಕರಣ್ಣ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಲ್ಲಿಂದ ಬಂದ ಮೇಲೆ ನೀಲಕ್ಕ ಹೇಳಿದರು: "ದೊಡ್ಡ ಗಾಡಿ ಹಿಂದ ಸಣ್ಣ ಕಾರು ಕಟ್ಟಿಕೊಂಡು ಹೋಗೂಣು. ದೊಡ್ಡದನ್ನ ಒಂದ ಕಡೆ ನಿಲ್ಲಿಸಿ, ಸಣ್ಣದ್ರಾಗ ಅಡ್ಡಾಡೂದು."

ಸಣ್ಣದು ಎಂದರೆ ಮನೆಯಲ್ಲೇ ಇದ್ದ ಹಳೆಯ ಕಂಚಿಲ್ ಕಾರು. ಸುಬಾಂಗ್ ಜಯಾದ ಕಾಲೇಜಿಗೆ ಹೋಗುವ ಮಗಳು ಗಾನವಿ ಅದನ್ನು ಓಡಿಸುತ್ತಿದ್ದಳು. ಅದರ ಗೇರು ಕೈಯಿಂದಲೇ ಹಾಕುವಂಥದ್ದು. ಹೀಗೆ ಎಳೆದುಕೊಂಡು ಹೋಗಲು ಅದೇ ಸರಿ. ಗೇರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ನಾಲ್ಕೂ ಚಕ್ರಗಳು ನೆಲದ ಮೇಲೇ ಉರುಳುತ್ತಾ ಹಿಂದೆ ಬರುತ್ತವೆ. ಬಹುಪಾಲು ಆಟೋಮ್ಯಾಟಿಕ್ ಕಾರುಗಳನ್ನು ಹಾಗೆ ಎಳೆದರೆ ಗೇರ್‌ಬಾಕ್ಸು ಸುಟ್ಟುಹೋಗುತ್ತದೆ.

ರತ್ನಾಕರಣ್ಣ ಬೇಡವೆಂದರು. ಕಾರಣ ನೀಲಕ್ಕನಿಗೂ ಗೊತ್ತಿತ್ತು.

ಈ ದೇಶಕ್ಕೆ ಹೊಸದಾಗಿ ಬಂದಿದ್ದಾಗ ಅವರ ಗೆಳೆಯ ತಿಮ್ಮಪ್ಪನ ಕಾರು ರವಾಂಗ್ ಕಡೆಯ ಹಳೆಯ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ತಿಮ್ಮಪ್ಪ ಬೇರೊಬ್ಬರ ವ್ಯಾನು ತಂದು, ನೈಲಾನ್ ಹಗ್ಗ ಕಟ್ಟಿ, ಸ್ಟೀರಿಂಗ್ ಹಿಡಿದುಕೊಳ್ಳಲು ರತ್ನಾಕರಣ್ಣನನ್ನು ಕೆಟ್ಟ ಕಾರಿನಲ್ಲಿ ಕೂರಿಸಿದ. ಇಂಜಿನ್ನು ಓಡುತ್ತಿಲ್ಲದ ಕಾರಿನ ಬ್ರೇಕು ಕಲ್ಲಿನಂತೆ ಗಟ್ಟಿ ಎಂಬುದು ಅವರಿಗೆ ಆವತ್ತೇ ತಿಳಿದದ್ದು. ಇಳಿಜಾರಿನಲ್ಲಿ ಕಾರು ವ್ಯಾನಿನ ಬೆನ್ನಿಗೆ ಮುತ್ತಿಡುವಂತೆ ಹತ್ತಿರ ಹೋಯಿತು. ಹಗ್ಗ ಸಡಿಲವಾಗಿ ಚಕ್ರದ ಕೆಳಗೆ ಬಿತ್ತು, ಮರುಕ್ಷಣ ಬಿಗಿದು ಕಡಿದುಹೋಯಿತು. ಕಾರು ತಾನಾಗಿ ಉರುಳುತ್ತಾ ಹೋಗಿ ಚರಂಡಿಗೆ ಬಿತ್ತು. ರತ್ನಾಕರಣ್ಣನ ಪಕ್ಕೆಲುಬಿಗೆ ಪೆಟ್ಟಾಯಿತು. ತಿಮ್ಮಪ್ಪ ಅದನ್ನು ತಮಾಷೆಯಾಗಿ ಮಾಡಿಕೊಂಡು ಯುಗಾದಿ ಕೂಟಗಳಲ್ಲೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ರತ್ನಾಕರಣ್ಣನೂ ನಗುತ್ತಿದ್ದರು. ಆದರೆ ಅಂದಿನಿಂದ ಯಾವ ಗಾಡಿ ಇನ್ನೊಂದನ್ನು ಎಳೆದುಕೊಂಡು ಹೋಗುವುದನ್ನು ಕಂಡರೂ ರಸ್ತೆಯಿಂದ ಇಳಿದು ನಿಲ್ಲುತ್ತಿದ್ದರು.

"ನೀವು ಬರದಿದ್ರೂ ನಾ ಹೋಗಾಕಿ," ಎಂದರು ನೀಲಕ್ಕ. ಯಾರದೋ ಮನೆಯಲ್ಲಿ ಬಿದ್ದಿದ್ದ ಗಾಡಿಗೆ ಕಾರು ಜೋಡಿಸುವ, ತುಕ್ಕು ಹಿಡಿದ ಕಬ್ಬಿಣದ ಬಾರೊಂದನ್ನು ಅವರು ಆಗಲೇ ಮಾತಾಡಿಟ್ಟಿದ್ದರು. ಅದನ್ನು ಕೇಳಿದ್ದೇ ರತ್ನಾಕರಣ್ಣ ಎದ್ದು ನಿಂತರು. "ಸಾಮಾನು ನಾನೇ ಆರಿಸುದು. ನೀನು ಎಂತದೂ ಮುಟ್ಬೇಡ," ಎಂದರು.

ಮುಂದಿನ ಕೆಲವು ತಿಂಗಳು ಅವರಿಗೆ ಬೇರೆ ಯೋಚನೆಯೇ ಇರಲಿಲ್ಲ. ಊಟದ ಬಿಡುವಿನಲ್ಲಿ ಫೋನ್ ಹಿಡಿದು ವೀಡಿಯೊ ನೋಡುವರು. ಅವುಗಳಲ್ಲಿ ಒಳ್ಳೆಯದಾಗಿ ಮುಗಿದವನ್ನು ಬಿಟ್ಟು, ಕಾರು ಬಿಡಿಸಿಕೊಂಡು ಎದುರಿನ ಸಾಲಿಗೆ ನುಗ್ಗಿದವನ್ನೇ ಹುಡುಕಿ ಹುಡುಕಿ ನೋಡುವರು. ಕಾರನ್ನು ಪೂರ್ತಿ ಹೊರುವ ಟ್ರೇಲರ್ ಒಳ್ಳೆಯದೆಂದು ಮೊದಲು ಅನ್ನಿಸಿತು. ಆದರೆ ಅದರ ತೂಕವನ್ನು ಎಳೆಯುವಷ್ಟು ತ್ರಾಣ ಮೋಟರ್‌ಹೋಮಿಗೆ ಇರಲಿಲ್ಲ, ಕಾಂಡೋದಲ್ಲಿ ನಿಲ್ಲಿಸಲು ಜಾಗವೂ ಇರಲಿಲ್ಲ. ಹಾಗಾಗಿ ನಾಲ್ಕೂ ಚಕ್ರ ನೆಲದ ಮೇಲೇ ಎಂದು ಒಪ್ಪಬೇಕಾಯಿತು.

ಪುಚೊಂಗಿನ ಹಿಂಭಾಗದಲ್ಲಿ ಖೂ ಎನ್ನುವವರ ಗ್ಯಾರೇಜಿದೆ. ವೆಲ್ಡಿಂಗ್ ಕೆಲಸಕ್ಕೆ ಹೆಸರಾದವರು. ರತ್ನಾಕರಣ್ಣ ಅವರ ತಲೆ ತಿಂದರು. ಎರಡು ತೋಳುಗಳ ಎಳೆಬಾರು ಬೇಕು. ಕಾರಿನ ತೂಕಕ್ಕಿಂತ ಎಷ್ಟೋ ಹೆಚ್ಚು ತಾಳುವಂಥದ್ದಾಗಬೇಕು. ಆ ತೋಳುಗಳನ್ನು ಹಿಡಿಯುವ ಕಬ್ಬಿಣದ ತಟ್ಟೆಯನ್ನು ಬಂಪರಿಗಲ್ಲ, ಕಾರಿನ ಅಡಿಗಟ್ಟಿಗೇ ಬೋಲ್ಟು ಹಾಕಿ ಬಿಗಿಯಬೇಕು. ಎರಡೂ ಕಡೆಯ ಎತ್ತರ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಜೋರಾಗಿ ಬ್ರೇಕು ಹಾಕಿದಾಗ ಕಾರು ದೊಡ್ಡ ಗಾಡಿಯ ಅಡಿಗೆ ನುಗ್ಗುತ್ತದೆ. ಬಾರಿನ ಕೆಳಗೆ ಕತ್ತರಿಯಾಕಾರದಲ್ಲಿ ಎರಡು ಸರಪಳಿಗಳು, ಬಾರು ಮುರಿದರೂ ಕಾರು ಕೈತಪ್ಪಬಾರದು. ಸಾರಿಗೆ ಕಚೇರಿಗೂ ಹೋಗಿ, ಗಾಡಿ ತೋರಿಸಿ, ಒಪ್ಪಿಗೆ ಪಡೆದು ಬಂದರು.

ಬ್ರೇಕಿನ ಮಾತು ಬಂದಾಗ ಖೂ ನಕ್ಕು, ಇಲ್ಲಿಯವರು ಮಾತಿಗೆಲ್ಲ ಅಂಟಿಸುವ ‘ಲಾ’ ಹಚ್ಚಿ ಹೇಳಿದರು: "ಬಾಸ್, ಇಷ್ಟು ಸಣ್ಣ ಕಾರು ಲಾ. ದೊಡ್ಡ ಗಾಡಿಯ ಬ್ರೇಕೇ ಸಾಕು."

"ಗುಡ್ಡ ಇಳಿಯುವಾಗ?" ಎಂದು ಕೇಳಿದರು ರತ್ನಾಕರಣ್ಣ.

"ಗುಡ್ಡಕ್ಕೆ ಯಾಕೆ ಹೋಗ್ತೀರಿ?"

ಗುಡ್ಡಕ್ಕೇ ಹೋಗಬೇಕೆಂದು ನೀಲಕ್ಕ ಹಟ ಹಿಡಿದಿದ್ದರು. ಕ್ಯಾಮರನ್ ಹೈಲ್ಯಾಂಡ್ಸಿನ ಚಳಿಯಲ್ಲಿ, ಚಹಾ ತೋಟದ ಬದಿಯಲ್ಲಿ, ತಮ್ಮದೇ ಒಲೆಯಲ್ಲಿ ಗಿರಮಿಟ್ಟು ಮಾಡಿ ತಿನ್ನಬೇಕು. ಅಷ್ಟೇ ಅವರ ಆಸೆ.

ರತ್ನಾಕರಣ್ಣ ಹೊರದೇಶದಿಂದ ಒಂದು ಬ್ರೇಕುಪೆಟ್ಟಿಗೆ ತರಿಸಿದರು. ಅದನ್ನು ಕಾರಿನ ಚಾಲಕನ ಕಾಲಿಡುವ ಜಾಗದಲ್ಲಿ, ಸೀಟಿಗೆ ಒರಗಿಸಿ ಇಡಬೇಕು. ಅದರ ಕೈ ಬ್ರೇಕ್ ಪೆಡಲನ್ನು ಹಿಡಿದುಕೊಂಡಿರುತ್ತದೆ. ಮುಂದಿನ ಗಾಡಿ ನಿಧಾನವಾದದ್ದು ಪೆಟ್ಟಿಗೆಗೆ ಗೊತ್ತಾಗಿ ಪೆಡಲನ್ನು ಒತ್ತುತ್ತದೆ. ಕಾರು ಬಿಡಿಸಿಕೊಂಡರೆ ಒಂದು ತಂತಿ ಕಿತ್ತು ಬಂದು ಪೂರ್ತಿ ಬ್ರೇಕು ಬೀಳುತ್ತದೆ. ಎಷ್ಟು ಬೇಗ, ಎಷ್ಟು ಬಲವಾಗಿ ಒತ್ತಬೇಕೆಂದು ತಿರುಗಿಸಲು ಒಂದು ಗುಂಡಿಯಿತ್ತು. ಕಡಿಮೆಯಿಂದ ಶುರುಮಾಡಿ, ಸಮತಟ್ಟು ರಸ್ತೆಯಲ್ಲಿ ನೋಡಿ, ಆಮೇಲೆ ಬೇಕಾದರೆ ಹೆಚ್ಚಿಸಿ ಎಂದು ಅದರೊಂದಿಗೆ ಬಂದ ಪುಸ್ತಿಕೆಯಲ್ಲಿ ಬರೆದಿತ್ತು. ರತ್ನಾಕರಣ್ಣ ಓದಿದರು. ಓದಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಜೀವದ ವಿಷಯದಲ್ಲಿ ಕಡಿಮೆ ಯಾಕೆ ಎಂದು ಅವರ ಲೆಕ್ಕ.

ಭಾನುವಾರ ಕಾರ್ಖಾನೆಗಳ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರು. ಹಿಂದೆ ಏನೂ ಹೆಚ್ಚುಕಡಿಮೆ ಆಗಲಿಲ್ಲ.

"ಯಾರೋ ಹಿಂದಿಂದ ಸೆರಗ ಹಿಡದು ಜಗ್ಗಿದಂಗ ಆಗತೈತಿ," ಎಂದರು ನೀಲಕ್ಕ.

"ಜಗ್ಗಲಿ. ಒಳ್ಳೇದೇ," ಎಂದರು ರತ್ನಾಕರಣ್ಣ.

ಗಾನವಿಗೆ ರಜೆ ಸಿಕ್ಕಾಗ ಮೂವರೂ ಹೊರಟರು. ಸಿಂಪಾಂಗ್ ಪುಲೈ ಕಡೆಯಿಂದ ಹತ್ತುವ ಅಗಲವಾದ ರಸ್ತೆ. ರತ್ನಾಕರಣ್ಣ ಮುಂದಿನ ಸೀಟಿನಲ್ಲಿ ಕೂತಿದ್ದರೂ ರಸ್ತೆ ನೋಡಲೇ ಇಲ್ಲ. ಗಾಡಿಯ ಹಿಂಬದಿಗೆ ಹಾಕಿಸಿದ್ದ ಕ್ಯಾಮರಾದ ಪುಟ್ಟ ಪರದೆಯನ್ನೇ ನೋಡುತ್ತಿದ್ದರು. ಅದರೊಳಗೆ ಕಂಚಿಲ್ಲಿನ ಮುಖ. ಚಾಲಕನಿಲ್ಲದೆ, ಸ್ಟೀರಿಂಗು ತಾನೇ ತಿರುಗುತ್ತಾ, ಪ್ರತಿ ತಿರುವಿನಲ್ಲೂ ಬೆನ್ನಟ್ಟಿ ಬರುತ್ತಿತ್ತು. ಖಾಲಿ ಸೀಟಿನಲ್ಲಿ ಯಾರೋ ಕೂತಂತೆ ಕಾಣುತ್ತಿತ್ತು ಎಂದು ಆಮೇಲೆ ನನಗೆ ಹೇಳಿದರು. ಯಾರು ಎಂದು ಕೇಳಿದೆ. "ನಾನೇ," ಅಂದರು. ನಿಂತಲ್ಲೆಲ್ಲ ಇಳಿದು ಪಿನ್ನು, ಸರಪಳಿ, ದೀಪದ ತಂತಿ ಮುಟ್ಟಿ ನೋಡುವರು. ಗಾನವಿಗೆ ರೇಗಿಹೋಗಿತ್ತು. "ಅಪ್ಪಾ, ಯು ಜಸ್ಟ್ ಚೆಕ್ಡ್ ಲಾ," ಎನ್ನುತ್ತಿದ್ದಳು.

ಮೇಲೆ ಎಲ್ಲವೂ ಚೆನ್ನಾಗಿತ್ತು. ಮೋಟರ್‌ಹೋಮನ್ನು ಒಂದು ಬಯಲಿನಲ್ಲಿ ನಿಲ್ಲಿಸಿ, ಕಂಚಿಲ್ಲಿನಲ್ಲಿ ಮಾರುಕಟ್ಟೆಗೆ ಹೋದರು. ಚಹಾ ತೋಟದ ಕಿರಿದಾದ ರಸ್ತೆಗಳಲ್ಲಿ ಸುತ್ತಿದರು. ನೀಲಕ್ಕ ಅಂದುಕೊಂಡಂತೆ ಗಿರಮಿಟ್ಟು ಮಾಡಿದರು. ರತ್ನಾಕರಣ್ಣ ಮಾತ್ರ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟರು. ಹತ್ತಿದ್ದನ್ನು ಇಳಿಯಬೇಕಲ್ಲ ಎಂಬುದೊಂದೇ ತಲೆಯಲ್ಲಿ.

ಹೊರಡುವ ಬೆಳಿಗ್ಗೆ ಕಾರನ್ನು ಕಟ್ಟಿ, ಬ್ರೇಕುಪೆಟ್ಟಿಗೆಯನ್ನು ಕೂರಿಸಿದರು. ಎಲ್ಲಾದರೂ ಜಾರಿಬಿಟ್ಟರೆ ಎಂದು ಅನುಮಾನ ಬಂತು. ಸೀಟನ್ನು ಅದು ಸರಿಯುವ ಹಳಿಯ ಮೇಲೆ ಇನ್ನೂ ಒಂದು ಹಲ್ಲು ಮುಂದಕ್ಕೆ ಎಳೆದು ಬಿಗಿ ಮಾಡಿದರು. ಹಾಗೆ ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅವರಿಗೆ ಅನ್ನಿಸಲೂ ಇಲ್ಲ.

ಇಳಿಜಾರು ಶುರುವಾಯಿತು. ಮಂಜು ಕವಿದಿತ್ತು. ನೀಲಕ್ಕ ಸಣ್ಣ ಗೇರಿನಲ್ಲಿ, ಬ್ರೇಕನ್ನು ಮುಟ್ಟಿ ಬಿಡುತ್ತಾ ನಿಧಾನವಾಗಿ ಇಳಿಸುತ್ತಿದ್ದರು. ಒಂದು ಬದಿಗೆ ಮಣ್ಣು ಕುಸಿಯದಂತೆ ಸಿಮೆಂಟು ಬಳಿದ ಗೋಡೆ, ಇನ್ನೊಂದು ಬದಿಗೆ ತಡೆಗೋಡೆ, ಅದರಾಚೆ ಬಿಳಿಯ ಮಂಜು ಬಿಟ್ಟರೆ ಏನೂ ಇಲ್ಲ. ತರಕಾರಿ ಲಾರಿಗಳು ಪಕ್ಕದಿಂದ ಗಾಳಿ ಸೀಳಿಕೊಂಡು ಹೋಗುತ್ತಿದ್ದವು.

"ಏನ್ರೀ ಇದು, ಇಳಿಜಾರಿನಾಗೂ ಗಾಡಿ ಮುಂದ ಹೋಗಾಕ ಒಲ್ಲದು," ಎಂದರು ನೀಲಕ್ಕ. "ಎಕ್ಸಲೇಟರ್ ಒತ್ತಬೇಕಾಗೇತಿ."

"ಹಿಂದಿನ ಬ್ರೇಕ್ ಚಂದ ಕೆಲಸ ಮಾಡ್ತಾ ಉಂಟು. ನೀನು ಹಾಗೇ ಹೋಗು," ಎಂದರು ರತ್ನಾಕರಣ್ಣ. ಹೊರಟ ಮೇಲೆ ಅವರಿಗೆ ಸ್ವಲ್ಪ ಸಮಾಧಾನವಾದದ್ದು ಆಗ ಮಾತ್ರ.

ಆಮೇಲೆ ವಾಸನೆ ಬಂತು. ಸುಟ್ಟ ರಬ್ಬರಿನದೋ ಕಾದ ಕಬ್ಬಿಣದ್ದೋ ಎಂದು ಹೇಳಲಾಗದ, ಮೂಗಿಗೆ ಚುಚ್ಚುವ ವಾಸನೆ. ಕಾರ್ಖಾನೆಯಲ್ಲಿ ಆ ವಾಸನೆ ಬಂದರೆ ಯಂತ್ರ ನಿಲ್ಲಿಸಿ ಎಲ್ಲರೂ ಓಡುತ್ತಾರೆ. ಮುಂದಿನ ಲಾರಿಯದಿರಬೇಕು ಎಂದರು ನೀಲಕ್ಕ. ಲಾರಿ ತಿರುವಿನಾಚೆ ಮರೆಯಾಯಿತು, ವಾಸನೆ ಹೋಗಲಿಲ್ಲ. ಪರದೆಯಲ್ಲಿ ಕಂಚಿಲ್ಲಿನ ಮುಖ ಮಸುಕಾಗುತ್ತಿತ್ತು. ಮಂಜು ದಟ್ಟವಾಗಿದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮಂಜಾದರೆ ಮೇಲಿನಿಂದ ಬರಬೇಕು. ಇದು ಚಕ್ರಗಳ ಬಳಿಯಿಂದ ಏಳುತ್ತಿತ್ತು.

ಹಿಂದೆ ಕೂತಿದ್ದ ಗಾನವಿ ಕುತ್ತಿಗೆ ಚಾಚಿ ಪರದೆ ನೋಡಿದಳು. "ಅಪ್ಪಾ," ಅಂದಳು, "ದಟ್ಸ್ ನಾಟ್ ಮಿಸ್ಟ್."

ರತ್ನಾಕರಣ್ಣ ನಿಲ್ಲಿಸು ಎಂದು ನೀಲಕ್ಕನ ಭುಜವನ್ನು ಹಿಡಿದು ಅಲುಗಿಸಿದರು. ನೀಲಕ್ಕ ರಸ್ತೆಯ ಅಂಚಿನ ಕಿರಿದಾದ ಜಾಗಕ್ಕೆ ಗಾಡಿ ತಂದು ನಿಲ್ಲಿಸಿದರು. ತಿರುವು ಆಗಷ್ಟೇ ಕಳೆದಿತ್ತು. ಮೇಲಿನಿಂದ ಬರುವ ಲಾರಿಗಳಿಗೆ ಇವರು ಕಾಣುವುದು ತೀರಾ ಹತ್ತಿರ ಬಂದ ಮೇಲೆಯೇ. ಹಿಂದಕ್ಕೆ ಸರಿಯಲೂ ಆಗದು. ಹೀಗೆ ಕಟ್ಟಿದ ಕಾರನ್ನು ಹಿಂದಕ್ಕೆ ತಳ್ಳಿದರೆ ಅದರ ಚಕ್ರಗಳು ಅಡ್ಡ ತಿರುಗಿ ಬಾರು ಬಾಗುತ್ತದೆ.

ಮೂವರೂ ಇಳಿದರು. ಕಂಚಿಲ್ಲಿನ ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಎಡಗಡೆಯದರ ಒಳಗೆ ಹಳದಿ ನಾಲಿಗೆಯಂಥ ಸಣ್ಣ ಉರಿ. ಅಲ್ಲಿಂದ ಒಂದು ಮಾರು ದೂರದಲ್ಲಿ ಮೋಟರ್‌ಹೋಮಿನ ಹಿಂಬದಿಯ ತಗಡಿನ ಪೆಟ್ಟಿಗೆ, ಅದರೊಳಗೆ ಗ್ಯಾಸು.

ಆ ಹೊತ್ತಿನಲ್ಲಿ ರತ್ನಾಕರಣ್ಣನಿಗೆ ತಡೆಗೋಡೆ ಹಾರಿ ಓಡಿಬಿಡೋಣ ಎನ್ನಿಸಿತ್ತಂತೆ. ಹೆಂಡತಿ, ಮಗಳು ಇಬ್ಬರೂ ಅಲ್ಲಿರುವುದೇ ಒಂದು ಕ್ಷಣ ಮರೆತುಹೋಗಿತ್ತಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಗಾನವಿ ಒಳಗಿನಿಂದ ಬೆಂಕಿ ನಂದಿಸುವ ಡಬ್ಬಿ ತಂದಳು. ಮೂರು ಡಬ್ಬಿ ಇಟ್ಟಿದ್ದರು ರತ್ನಾಕರಣ್ಣ, ಅವಳು ಅದಕ್ಕೆ ಎಷ್ಟೋ ಸಲ ನಕ್ಕಿದ್ದಳು. ಪಿನ್ನು ಕಿತ್ತು ಚಕ್ರಕ್ಕೆ ಪುಡಿ ಹೊಡೆದಳು. ಬಿಳಿ ಪುಡಿಯಲ್ಲಿ ಉರಿ ಅಡಗಿತು. ಹೊಗೆ ಅಡಗಲಿಲ್ಲ.

"ಕಾರು ಬಿಚ್ಚಿಬಿಡೂಣು," ಎಂದರು ನೀಲಕ್ಕ. "ಬಿಚ್ಚಿದ್ರ ನಾ ಗಾಡಿ ಮುಂದ ಒಯ್ತೀನಿ. ಮತ್ತ ಉರಿ ಹತ್ತಿದ್ರ ಕಾರ್ ಒಂದ ಹೋಗ್ಲಿ."

ಅದು ಸರಿಯಾದ ಮಾತೇ. ಬಿಚ್ಚಬೇಕಾದರೆ ಮೊದಲು ಯಾರಾದರೂ ಕಾರಿನೊಳಗೆ ಕೂತು ಕೈಬ್ರೇಕು ಎಳೆದು, ಪೆಟ್ಟಿಗೆಯನ್ನು ತೆಗೆಯಬೇಕು. ಅದರ ಜೋಡಣೆ ಗೊತ್ತಿದ್ದದ್ದು ರತ್ನಾಕರಣ್ಣನೊಬ್ಬರಿಗೇ. ಅವರು ಬಾಗಿಲು ತೆರೆದರು. ಒಳಗೂ ಹೊಗೆ ತುಂಬಿತ್ತು. ಕಣ್ಣು ಉರಿಯಿತು. ಸೀಟು ಮುಂದಕ್ಕೆ ಬಂದಿದ್ದರಿಂದ ಒಂದು ತೊಡೆಯನ್ನಷ್ಟೇ ಊರಿ, ಅರ್ಧ ಹೊರಗೆ ಅರ್ಧ ಒಳಗೆ ಕೂತರು. ಕಟ್ಟಿಹಾಕಿದ ಕಾರು, ಇಳಿಜಾರು, ಓಡದ ಇಂಜಿನ್ನು.

ಪೆಟ್ಟಿಗೆಯ ಕೈ ಪೆಡಲನ್ನು ಒತ್ತಿ ಹಿಡಿದೇ ಇತ್ತು. ಗಾಡಿ ನಿಂತ ಮೇಲೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಳೆದ ಆ ಒಂದು ಹಲ್ಲು ಅವರಿಗೆ ನೆನಪಾಯಿತು. ಮುಂದೆ ಬಂದ ಸೀಟು ಪೆಟ್ಟಿಗೆಯನ್ನು ಪೆಡಲಿಗೆ ಒತ್ತಿ ಹಿಡಿದು, ಅಷ್ಟು ದೂರವೂ ಕಾರು ಬ್ರೇಕು ಹಾಕಿಕೊಂಡೇ ಬಂದಿತ್ತು.

ಸೀಟು ಹಿಂದಕ್ಕೆ ಸರಿಸುವ ಕಡ್ಡಿಯ ಮೇಲೆ ಕೈಯಿಟ್ಟರು. ಆಗ ಹೊಗೆ ಸ್ವಲ್ಪ ಸರಿದು ಗಾಜಿನಾಚೆ ಒಂದು ತಲೆ ಕಂಡಿತು. ನೀಲಕ್ಕ ಎರಡು ಗಾಡಿಗಳ ನಡುವೆ ಬಗ್ಗಿ ಕೂತು, ಅಂಗೈಯಿಂದ ಬಾರಿನ ಚಿಲಕವನ್ನು ಹೊಡೆಯುತ್ತಿದ್ದರು. ಆ ಬಾರಿನ ತೋಳುಗಳು ಒಂದರೊಳಗೊಂದು ಸರಿದು ಗಿಡ್ಡವಾಗುವಂಥವು. ಚಿಲಕ ಬಿಚ್ಚಿದರೆ, ಪೆಡಲಿನ ಮೇಲಿನ ಒತ್ತಡವೂ ಹೋದರೆ, ಮೇಲಿರುವ ಕಾರು ಕೆಳಗಿರುವ ಗಾಡಿಯ ಮೇಲೆ ಹೋಗಿ ಬೀಳುತ್ತದೆ. ನಡುವೆ ನೀಲಕ್ಕ.

ಅವರ ಕೈ ಕಡ್ಡಿಯ ಮೇಲಿತ್ತು. ಎಳೆಯುವುದೊಂದೇ ಬಾಕಿ.

ಕೂಗಿದರು. ಒಂದು ಲಾರಿ ಪಕ್ಕದಿಂದ ಗುಡುಗುತ್ತಾ ಹೋಯಿತು, ಕೂಗು ಅದರಲ್ಲಿ ಮುಳುಗಿತು. ಇನ್ನೊಂದು ಕೈಯಿಂದ ಹಾರ್ನ್ ಒತ್ತಿದರು. ಒತ್ತಿದವರು ಬಿಡಲಿಲ್ಲ. ನೀಲಕ್ಕ ಬೆಚ್ಚಿಬಿದ್ದು ತಲೆಯೆತ್ತಿದರು.

"ಆಚೆ ಹೋಗು! ನೀಲಾ, ಆಚೆ ಹೋಗು ಅಂದೆ! ಕೇಳುದಿಲ್ವಾ ನಿಂಗೆ!"

ಮದುವೆಯಾದಾಗಿನಿಂದ ಅವರು ಹೆಂಡತಿಗೆ ದನಿಯೆತ್ತಿ ಮಾತಾಡಿದ್ದಿಲ್ಲ. ನೀಲಕ್ಕ ಸಿಟ್ಟಿನಿಂದಲೇ ಎದ್ದು, ಸರಪಳಿ ದಾಟಿ ಗೋಡೆಯ ಕಡೆಗೆ ಹೋದರು. ರತ್ನಾಕರಣ್ಣ ಹಾರ್ನಿನಿಂದ ಕೈ ತೆಗೆದು ಕೈಬ್ರೇಕನ್ನು ಪೂರ್ತಿ ಮೇಲೆಳೆದರು. ಮತ್ತೊಮ್ಮೆ ಕಿಟಕಿಯಿಂದ ನೋಡಿದರು. ಇಬ್ಬರೂ ದೂರ ಇದ್ದರು. ಸೀಟನ್ನು ಹಿಂದಕ್ಕೆ ತಳ್ಳಿದರು. ಪೆಟ್ಟಿಗೆ ಸಡಿಲವಾಗಿ ಪಕ್ಕಕ್ಕೆ ವಾಲಿತು, ಪೆಡಲು ಮೇಲೆ ಬಂತು.

ಕಾರು ಮುಂದಕ್ಕೆ ಹೋಯಿತು. ಕಾದುಹೋಗಿದ್ದ ಕೈಬ್ರೇಕು ಹಿಡಿಯಲಿಲ್ಲ. ಚಿಲಕ ಆಗಲೇ ಬಿಚ್ಚಿದ್ದರಿಂದ ಬಾರಿನ ತೋಳುಗಳು ಒಂದರೊಳಗೊಂದು ನುಗ್ಗಿ ಢಣ್ ಎಂದು ಬಡಿದವು. ಮೋಟರ್‌ಹೋಮಿನ ಹಿಂಬದಿ ಕಾರಿನ ಮುಂದಿನ ಗಾಜನ್ನು ತುಂಬಿಕೊಂಡಿತು. ರತ್ನಾಕರಣ್ಣ ಪೂರ್ತಿ ಒಳಗೆ ಸರಿದು, ಕಣ್ಣು ಮುಚ್ಚಿಕೊಂಡು ಎರಡೂ ಕಾಲುಗಳಿಂದ ಪೆಡಲನ್ನು ತುಳಿದರು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಸೀಟಿನಿಂದ ಏಳುವಷ್ಟು ಬಲ ಹಾಕಿದರು. ಕಾರು ನಿಂತಿತು.

ಕಣ್ಣು ತೆರೆದಾಗ ಬಾನೆಟ್ಟಿಗೂ ಗ್ಯಾಸಿನ ಪೆಟ್ಟಿಗೆಗೂ ನಡುವೆ ಗೇಣು ಜಾಗವಿತ್ತು. ನೀಲಕ್ಕ ಕೂತಿದ್ದದ್ದು ಅಲ್ಲೇ.

"ಕಲ್ಲು!" ಎಂದು ರತ್ನಾಕರಣ್ಣ ಕಿರುಚಿದರು. "ಗಾನವಿ, ಚಕ್ರಕ್ಕೆ ಕಲ್ಲು ಇಡು! ಬದಿಯಿಂದ ಬಾ, ಎದುರಿಂದ ಬರ್ಬೇಡ!"

ಗಾನವಿ ಗೋಡೆಯ ಬುಡದಿಂದ ಕಲ್ಲುಗಳನ್ನು ಹೊತ್ತು ತಂದು ಚಕ್ರಗಳ ಮುಂದೆ ಇಟ್ಟಳು. ಅವಳು ಅಳುತ್ತಿದ್ದಳು. ಕಲ್ಲು ಇಟ್ಟ ಮೇಲೂ ರತ್ನಾಕರಣ್ಣ ಪೆಡಲಿನಿಂದ ಕಾಲು ತೆಗೆಯಲಿಲ್ಲ. ತೆಗೆಯಲು ಅವರಿಗೆ ಆಗಲಿಲ್ಲ.

ಕೆಳಗಿನಿಂದ ಹತ್ತಿ ಬರುತ್ತಿದ್ದ ಗೊಬ್ಬರದ ಲಾರಿಯೊಂದು ನಿಂತಿತು. ಅದರ ತಮಿಳು ಚಾಲಕ ರಸ್ತೆ ದಾಟಿ ಬಂದು, ಮೊದಲು ಮರದ ಕೊಂಬೆಗಳನ್ನು ಮುರಿದು ತಿರುವಿನ ಮೇಲ್ಗಡೆ ರಸ್ತೆಯಲ್ಲಿ ಹಾಕಿದ. ಮತ್ತೆ ಕಾರಿನ ಬಳಿ ಬಂದು, "ಬಯಪ್ಪಡಾದೀಂಗ ಅಣ್ಣೆ, ಕಾಲ್ ಎಡುಂಗ," ಎಂದು ರತ್ನಾಕರಣ್ಣನ ಮೊಣಕಾಲನ್ನು ಮೆಲ್ಲಗೆ ತಟ್ಟಿದ. ಹೆದರಬೇಡಿ, ಕಾಲು ತೆಗೆಯಿರಿ ಎಂದು. ಅವರು ಕಾಲು ತೆಗೆದರು. ಕಾರು ಕಲ್ಲಿಗೆ ಆತುಕೊಂಡು ಅಲ್ಲೇ ನಿಂತಿತು.

ಆಮೇಲೆ ಗೋಡೆಗೆ ಒರಗಿ ಮೂವರೂ ಕೂತರು. ಹೊಗೆ ತೆಳುವಾಗುತ್ತಾ ಬಂತು. ಗಾನವಿ ಬಕೆಟ್ಟಿನಲ್ಲಿ ನೀರು ತರಲು ಎದ್ದಳು, ಕಾದ ಕಬ್ಬಿಣಕ್ಕೆ ನೀರು ಹೊಯ್ದರೆ ಸೀಳುತ್ತದೆಂದು ರತ್ನಾಕರಣ್ಣ ತಡೆದರು.

"ಸೀಟು ಮುಂದೆ ಎಳೆದದ್ದು ನಾನು," ಎಂದರು. "ಬೆಳಿಗ್ಗೆ. ಹೆದರಿಕೆ ಆಯ್ತು, ಎಳೆದೆ. ಆ ಗುಂಡಿಯನ್ನೂ ಪೂರಾ ತಿರುಗಿಸಿ ಇಟ್ಟದ್ದು ನಾನೇ. ಸುಟ್ಟದ್ದು ನನ್ನಿಂದ."

ನೀಲಕ್ಕ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಚಿಲಕ ಹೊಡೆದು ಹೊಡೆದು ಅದು ಕೆಂಪಾಗಿತ್ತು.

"ನಾ ನಡುವ ಹೋಗಿ ಕುಂತಿದ್ದೆ," ಎಂದರು ಕೊನೆಗೆ. "ನಾ ಅಂಜಲಿಲ್ರೀ. ಅಂಜಬೇಕಿತ್ತು." ಎಂದೂ ಅಳದ ಹೆಂಗಸು ಅವರು. ಹೇಳುತ್ತಾ ಹೇಳುತ್ತಾ ಗಂಡನ ತೋಳಿಗೆ ಹಣೆಯೊತ್ತಿ ನಡುಗತೊಡಗಿದರು. ಅವರು ನಡುಗಿದ್ದನ್ನು ರತ್ನಾಕರಣ್ಣ ಕಂಡದ್ದು ಅದೇ ಮೊದಲು. ಅದನ್ನು ಕಂಡು ಅವರ ಹೆದರಿಕೆ ಇನ್ನೂ ಹೆಚ್ಚಾಯಿತಂತೆ.

ಕಾರನ್ನು ಬೇರೊಂದು ಲಾರಿಯ ಮೇಲೆ ಹೊರಿಸಿ ಕೆಳಗಿನ ಇಪೊ ಪೇಟೆಗೆ ಸಾಗಿಸಿದರು. ಬ್ರೇಕಿನ ಬಿಲ್ಲೆಗಳು, ತಟ್ಟೆಗಳು ಎಲ್ಲ ಸುಟ್ಟು ನೀಲಿಯಾಗಿದ್ದವು. ಮೋಟರ್‌ಹೋಮನ್ನು ನೀಲಕ್ಕನೇ ಇಳಿಸಿದರು. ಆದರೆ ದಾರಿಯುದ್ದಕ್ಕೂ ಹಾಡು ಗುನುಗಲಿಲ್ಲ.

ಇನ್ನು ಇವರು ಕಾರು ಕಟ್ಟುವ ಗೋಜಿಗೆ ಹೋಗುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ರತ್ನಾಕರಣ್ಣ ಖೂ ಅವರ ಗ್ಯಾರೇಜಿಗೆ ಹೋಗಿ ಕೂತಾಗ ನನಗೆ ಆಶ್ಚರ್ಯವಾಯಿತು. ಹಳೆಯ ಪೆಟ್ಟಿಗೆಯ ಬದಲು, ಮೋಟರ್‌ಹೋಮಿನ ಬ್ರೇಕನ್ನು ತುಳಿದರೆ ಮಾತ್ರ ಒತ್ತುವಂಥ ಇನ್ನೊಂದನ್ನು ಹಾಕಿಸಿದರು. ಕಾರಿನ ಬ್ರೇಕು ಬಿದ್ದಾಗಲೆಲ್ಲ ನೀಲಕ್ಕನ ಎದುರಿಗೆ ಉರಿಯುವ ಕೆಂಪು ದೀಪವೊಂದನ್ನು ಕೂರಿಸಿದರು. ಬ್ರೇಕು ಹಾಕದೆಯೂ ಅದು ಉರಿದರೆ ತಕ್ಷಣ ನಿಲ್ಲಿಸಬೇಕು. ನಿಂತಲ್ಲಿ ಚಕ್ರಗಳ ಬಿಸಿ ನೋಡಲು, ದೂರದಿಂದಲೇ ಹಿಡಿದು ಅಳೆಯುವ ಯಂತ್ರವನ್ನೂ ತಂದರು. ಗುಂಡಿಯನ್ನು ಕಡಿಮೆಯಿಂದ ಶುರುಮಾಡಿದರು. ಕೈ ಅದನ್ನು ಹೆಚ್ಚಿಸಲು ಹಾತೊರೆಯುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. ಹೆಚ್ಚಿಸಲಿಲ್ಲ.

ಗುಡ್ಡಕ್ಕೆ ಹೋದರೆ ಕಾರನ್ನು ಬುಡದಲ್ಲೇ ಬಿಟ್ಟು ಹೋಗುವುದೆಂದು ನೀಲಕ್ಕನೇ ಹೇಳಿದರು. ಅದನ್ನು ರತ್ನಾಕರಣ್ಣ ಕೇಳಿಕೊಂಡಿರಲಿಲ್ಲ.

"ಹೆದರಿಕೆ ಹೋಯ್ತಾ ಅಣ್ಣ?" ಎಂದು ಒಮ್ಮೆ ಕೇಳಿದೆ.

"ಎಂತ ಹೋಗುದು ಮಾರಾಯ. ಬಾರು ಬಡಿದ ಶಬ್ದ ಈಗಲೂ ಕಿವಿಯಲ್ಲೇ ಉಂಟು. ಅವಳ ತಲೆ ಗಾಜಿನಲ್ಲಿ ಕಂಡದ್ದು ಕಣ್ಣಲ್ಲೇ ಉಂಟು," ಎಂದರು.

ಕಳೆದ ಸಲ ಅವರು ಪೂರ್ವ ಕರಾವಳಿಗೆ, ಚೆರಾಟಿಂಗಿಗೆ ಹೋದಾಗ ನಾನೂ ಜೊತೆಗಿದ್ದೆ. ಸಮುದ್ರದ ಬದಿಯ ಸಮತಟ್ಟು ನೆಲ, ತೆಂಗಿನ ಮರಗಳು, ಸಂಜೆಯ ಬಿಸಿಲು. ಹೆದರಲು ಅಲ್ಲಿ ಏನೂ ಇರಲಿಲ್ಲ. ನೀಲಕ್ಕ ಗಾಡಿ ನಿಲ್ಲಿಸಿ ಇಳಿದವರೇ ನೇರ ಗೋಡಂಬಿ ಮರದ ಬುಡಕ್ಕೆ ಹೋಗಿ, ಕೈಕಟ್ಟಿ ನಿಂತರು. ರತ್ನಾಕರಣ್ಣ ಕಂಚಿಲ್ಲಿನ ಕೈಬ್ರೇಕು ಎಳೆದರು, ನಾಲ್ಕೂ ಚಕ್ರಗಳಿಗೆ ಮರದ ತುಂಡು ಕೊಟ್ಟರು, ಬಗ್ಗಿ ಎರಡೂ ಗಾಡಿಗಳ ನಡುವೆ ನೋಡಿದರು.

"ಆಯ್ತೇನ್ರೀ?" ಎಂದರು ನೀಲಕ್ಕ, ನಿಂತಲ್ಲಿಂದಲೇ.

"ಇನ್ನೊಂದು ಸಲ ನೋಡ್ತೇನೆ."

"ನೋಡ್ರಿ," ಎಂದು ಅವರು ಅಲ್ಲೇ ನಿಂತು ಕಾದರು.